ಲೂಪಸ್ ಫಾಲೋಅಪ್‌ನಲ್ಲಿ ಪ್ರಶ್ನಾವಳಿ: ಯಾವುದು ಕೊಡಬೇಕು, ಸ್ಕೋರ್ ಹೇಗೆ ಓದಬೇಕು?

ಒಪಿಡಿ_ಚಾರ್ಟ್ ಕೇಳಿದ್ದು:

ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಫಾಲೋಅಪ್‌ಗೆ ಬರುವವರಿಗೆಲ್ಲ ಇನ್ನು ಮುಂದೆ ಪ್ರಶ್ನಾವಳಿ ಕೊಡಬೇಕೆಂದು ತೀರ್ಮಾನವಾಗಿದೆ. ಫಾರಂ ಹಂಚಿ, ಸ್ಕೋರ್ ಹಾಕಿ, ಡಾಕ್ಟರ ಮೇಜಿಗೆ ಮುಟ್ಟಿಸುವ ಕೆಲಸ ನನ್ನದು. ಪಟ್ಟಿಯಲ್ಲಿರುವುದು ಎಸ್‌ಎಫ್-36 (ಯಾವ ಕಾಯಿಲೆಗಾದರೂ ಬಳಸುವ ಸಾಮಾನ್ಯ ಆರೋಗ್ಯ ಪ್ರಶ್ನಾವಳಿ), ಲೂಪಸ್‌ಕ್ಯೂಒಎಲ್ (ಲೂಪಸ್ ಇರುವವರ ಜೀವನಮಟ್ಟ ಅಳೆಯುವುದು), ಫ್ಯಾಸಿಟ್-ಫಟೀಗ್ (ಸುಸ್ತು ಅಳೆಯುವುದು), ಸ್ಲಾಕ್ (ಲೂಪಸ್ ಲಕ್ಷಣಗಳ ಬಗ್ಗೆ ಕೇಳುವುದು). ನಾಲ್ಕನ್ನೂ ಕೊಟ್ಟರೆ 107 ಪ್ರಶ್ನೆಗಳಾಗುತ್ತವೆ. ಕೈಬೆರಳ ಕೀಲು ಊದಿರುವವರು ಅಷ್ಟಕ್ಕೆಲ್ಲ ಟಿಕ್ ಹಾಕುವುದು ಕಷ್ಟ. ಯಾವುದನ್ನು ಉಳಿಸಿಕೊಳ್ಳಲಿ? ಉತ್ತರ ಬಿಟ್ಟುಹೋದರೆ ಏನು ಮಾಡಲಿ? ಸ್ಲೆಡೈ (ಪರೀಕ್ಷೆ, ರಿಪೋರ್ಟ್ ನೋಡಿ ಕಾಯಿಲೆ ಎಷ್ಟು ಕೆರಳಿದೆಯೆಂದು ಡಾಕ್ಟರು ಹಾಕುವ ಅಂಕ) ಸೊನ್ನೆ ಇದ್ದೂ ರೋಗಿಯ ಸ್ಕೋರ್ ತೀರಾ ಕೆಟ್ಟದಾಗಿದ್ದರೆ ಯಾವುದನ್ನು ನಂಬಬೇಕು?

ಕೀಲುವೈದ್ಯ:

ಲೂಪಸ್‌ಕ್ಯೂಒಎಲ್ ಮತ್ತು ಫ್ಯಾಸಿಟ್ ಇಟ್ಟುಕೊಳ್ಳಿ, 34 ಮತ್ತು 13, ಒಟ್ಟು 47 ಪ್ರಶ್ನೆ. ದಿನನಿತ್ಯದ ಕ್ಲಿನಿಕ್‌ಗೆ ಅಷ್ಟು ಸಾಕು.

ಎಸ್‌ಎಫ್-36ರ ಬಲ ಇರುವುದು ಹೋಲಿಕೆಯಲ್ಲಿ. ಲೂಪಸ್ ಇರುವವರನ್ನು ಬೇರೆ ಕಾಯಿಲೆಯವರ ಜೊತೆ, ಆರೋಗ್ಯವಂತರ ಜೊತೆ ಇಟ್ಟು ನೋಡಬಹುದು, ಹಾಗಾಗಿ ಸಂಶೋಧನೆಗೆ ಬೇಕೇ ಬೇಕು. ಆದರೆ ಮುಖದ ಕಲೆ, ಕೂದಲು ಉದುರುವುದು, ಸ್ಟೀರಾಯ್ಡ್‌ನಿಂದ ಮುಖ ಊದುವುದು ಇವುಗಳಿಂದ ತನ್ನ ದೇಹದ ಬಗ್ಗೆ ಬರುವ ಸಂಕೋಚವನ್ನು ಅದು ಕೇಳುವುದಿಲ್ಲ. ನಾಳೆ ಹೇಗಿರುತ್ತೇನೋ ಗೊತ್ತಿಲ್ಲದ್ದರಿಂದ ಯಾವುದನ್ನೂ ಮುಂಚಿತವಾಗಿ ಒಪ್ಪಿಕೊಳ್ಳಲಾಗದು ಎಂಬ ಕಷ್ಟ, ಮನೆಯವರಿಗೆ ಹೊರೆಯಾದೆನೆಂಬ ಕೊರಗು, ಇವೂ ಅದರಲ್ಲಿಲ್ಲ. ಲೂಪಸ್‌ಕ್ಯೂಒಎಲ್‌ನಲ್ಲಿ ಈ ಮೂರಕ್ಕೂ ಪ್ರತ್ಯೇಕ ವಿಭಾಗಗಳಿವೆ. ಉಳಿದ ಐದು: ದೈಹಿಕ ಆರೋಗ್ಯ, ನೋವು, ದಾಂಪತ್ಯದ ಸಾಮೀಪ್ಯ, ಮನಸ್ಥಿತಿ, ಸುಸ್ತು.

ಸ್ಲಾಕ್ ಬೇರೆ ಜಾತಿಯದು. ಅದು ಜೀವನಮಟ್ಟವನ್ನು ಅಳೆಯುವುದಿಲ್ಲ, ಹಿಂದಿನ 3 ತಿಂಗಳ ಲಕ್ಷಣಗಳ ಮೇಲೆ ಕಾಯಿಲೆ ಎಷ್ಟು ಕೆರಳಿರಬಹುದೆಂದು ಅಂದಾಜು ಮಾಡುತ್ತದೆ. ರೋಗಿಯನ್ನು ನೇರವಾಗಿ ಪರೀಕ್ಷಿಸಲಾಗದ ದೊಡ್ಡ ಅಧ್ಯಯನಗಳಿಗೆ ಅದು ಒಳ್ಳೆಯದು. ಡಾಕ್ಟರೇ ಎದುರಿಗಿದ್ದು, ರಕ್ತ-ಮೂತ್ರದ ರಿಪೋರ್ಟೂ ಕೈಯಲ್ಲಿರುವಾಗ ನಾನಂತೂ ಅದನ್ನು ಬಿಡುತ್ತೇನೆ.

ಫ್ಯಾಸಿಟ್ ಕೇಳುವುದು ಹಿಂದಿನ 7 ದಿನದ ಬಗ್ಗೆ, ಪ್ರತಿ ಭೇಟಿಗೂ ಕೊಡಬಹುದು. ಲೂಪಸ್‌ಕ್ಯೂಒಎಲ್ ಹಿಂದಿನ 4 ವಾರದ ಬಗ್ಗೆ. ಅದನ್ನು ಮೂರರಿಂದ ಆರು ತಿಂಗಳಿಗೊಮ್ಮೆ, ಔಷಧಿ ಬದಲಿಸುವಾಗ ತಪ್ಪದೆ ಕೊಡಿ. ತಿಂಗಳೊಳಗೆ ಎರಡು ಸಲ ಕೊಟ್ಟರೆ ಅದೇ ದಿನಗಳನ್ನೇ ಮತ್ತೆ ಅಳೆದಂತಾಗುತ್ತದೆ.

ಅಂಕಿಅಂಶ_ಮೇಜು:

ಸ್ಕೋರ್ ಹಾಕುವಾಗ ಹೆಚ್ಚು ತಪ್ಪಾಗುವುದು ದಿಕ್ಕಿನಲ್ಲಿ. ಲೂಪಸ್‌ಕ್ಯೂಒಎಲ್ 0ರಿಂದ 100, ಫ್ಯಾಸಿಟ್ 0ರಿಂದ 52. ಎರಡರಲ್ಲೂ ಹೆಚ್ಚು ಅಂಕವೆಂದರೆ ಸ್ಥಿತಿ ಚೆನ್ನಾಗಿದೆ. ಸ್ಲಾಕ್, ಹಾಗೂ ಲೂಪಸ್‌ನ ಜೀವನಮಟ್ಟ ಅಳೆಯುವ ಇನ್ನೆರಡು ಪ್ರಶ್ನಾವಳಿಗಳಾದ ಎಲ್-ಕ್ಯೂಒಎಲ್, ಸ್ಲೆಕ್ಯೂಒಎಲ್ ಇದಕ್ಕೆ ತಿರುಗಾಮುರುಗಾ. ಶೀಟ್‌ನ ಪ್ರತಿ ಕಾಲಂ ತಲೆಯಲ್ಲೇ ‘ಹೆಚ್ಚಾದರೆ ಒಳ್ಳೆಯದು’ ಅಥವಾ ‘ಹೆಚ್ಚಾದರೆ ಕೆಟ್ಟದ್ದು’ ಎಂದು ಬರೆದಿಡಿ.

ಫ್ಯಾಸಿಟ್‌ನ 13ರಲ್ಲಿ 11 ಪ್ರಶ್ನೆಗಳ ಅಂಕ ತಿರುಗಿಸಬೇಕು, ಅಂದರೆ 4ರಿಂದ ಕಳೆಯಬೇಕು. ‘ಮೈಯಲ್ಲಿ ಶಕ್ತಿಯಿದೆ’, ‘ದಿನದ ಕೆಲಸ ಮಾಡಿಕೊಳ್ಳಬಲ್ಲೆ’ ಎಂಬ ಅರ್ಥದ ಎರಡನ್ನು ಮಾತ್ರ ಹಾಗೇ ಬಿಡಬೇಕು. ಎದ್ದು ಕೂರಲೂ ಆಗದೆಂದವರಿಗೆ 45 ಬಂದಿದೆಯೆಂದರೆ ತಿರುಗಿಸುವುದು ತಪ್ಪಿಹೋಗಿದೆ.

ಬಿಟ್ಟುಹೋದ ಉತ್ತರಕ್ಕೆ ಸೊನ್ನೆ ಹಾಕಲೇಬೇಡಿ. ಲೂಪಸ್‌ಕ್ಯೂಒಎಲ್‌ನಲ್ಲಿ 0 ಎಂದರೆ ‘ಯಾವಾಗಲೂ’, ಅಂದರೆ ತೀರಾ ಕೆಟ್ಟ ಉತ್ತರ. ಸುಸ್ತಿನ ವಿಭಾಗದಲ್ಲಿ 4 ಪ್ರಶ್ನೆ ಇವೆ. ಉತ್ತರ 1, 2, 1, ನಾಲ್ಕನೆಯದು ಖಾಲಿ ಎಂದುಕೊಳ್ಳಿ. ಸರಾಸರಿ 4 ಭಾಗಿಸು 3, ಅಂದರೆ 1.33. ಅದನ್ನು 4ರಿಂದ ಭಾಗಿಸಿ 100ರಿಂದ ಗುಣಿಸಿದರೆ 33.3. ಖಾಲಿಯನ್ನು ಸೊನ್ನೆ ಮಾಡಿದರೆ 25ಕ್ಕೆ ಇಳಿಯುತ್ತದೆ, ಎಂಟು ಅಂಕ ಸುಮ್ಮನೆ ಹೋಯಿತು. ವಿಭಾಗದ ಅರ್ಧದಷ್ಟಾದರೂ ಉತ್ತರಿಸಿದ್ದರೆ ಮಾತ್ರ ಲೆಕ್ಕ, ಇಲ್ಲದಿದ್ದರೆ ಆ ವಿಭಾಗಕ್ಕೆ ಸ್ಕೋರೇ ಇಲ್ಲ. ‘ಅನ್ವಯಿಸುವುದಿಲ್ಲ’ ಎಂಬುದೂ ಖಾಲಿಯ ಲೆಕ್ಕಕ್ಕೇ ಸೇರುತ್ತದೆ.

ಫ್ಯಾಸಿಟ್‌ನಲ್ಲಿ ಬಂದ ಮೊತ್ತವನ್ನು 13ರಿಂದ ಗುಣಿಸಿ, ಉತ್ತರಿಸಿದ ಪ್ರಶ್ನೆಗಳ ಸಂಖ್ಯೆಯಿಂದ ಭಾಗಿಸಿ. 11 ಪ್ರಶ್ನೆಗೆ 22 ಬಂದಿದ್ದರೆ ಸ್ಕೋರ್ 26. ಇದಕ್ಕೆ ಕನಿಷ್ಠ 7 ಉತ್ತರ ಬೇಕು.

ಲೂಪಸ್‌ಕ್ಯೂಒಎಲ್‌ನ ಎಂಟು ವಿಭಾಗಗಳನ್ನು ಕೂಡಿ ಒಂದೇ ಅಂಕ ಮಾಡಬೇಡಿ. ನೋವು ಇಳಿದು ಮನಸ್ಸು ಕುಗ್ಗಿದ್ದರೆ ಸರಾಸರಿಯಲ್ಲಿ ಎರಡೂ ಮುಚ್ಚಿಹೋಗುತ್ತವೆ.

ಒಪಿಡಿ_ಚಾರ್ಟ್:

ತುಂಬ ಉಪಯೋಗವಾಯಿತು. ಓದಲು ಬಾರದವರಿಗೆ ಹೇಗೆ? ದಾಂಪತ್ಯದ ಎರಡು ಪ್ರಶ್ನೆಗಳನ್ನು ಎಷ್ಟೋ ಜನ ಖಾಲಿ ಬಿಡುತ್ತಾರಂತಲ್ಲ?

ವಾರ್ಡ್_ಅಕ್ಕ:

ಬರೆದಿರುವುದನ್ನು ಇದ್ದಹಾಗೇ ಓದಿ ಹೇಳಿ, ಐದು ಆಯ್ಕೆಗಳನ್ನೂ ಪ್ರತಿ ಸಲ ಓದಿ. ‘ಅಂದರೆ ಏನು?’ ಎಂದು ಕೇಳಿದರೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ, ‘ನಿಮಗೆ ಅನಿಸಿದಂತೆ ಹೇಳಿ’ ಎನ್ನಿ. ನೀವು ವಿವರಿಸಲು ಹೊರಟರೆ ಬರುವುದು ನಿಮ್ಮ ಉತ್ತರ. ಯಾರು ಓದಿದರೆಂದು ಫಾರಂ ಮೇಲೆ ಗುರುತು ಹಾಕಿ, ಮುಂದಿನ ಸಲವೂ ಅದೇ ರೀತಿ ಮಾಡಿಸಿ. ಒಂದು ಸಲ ತಾವೇ ತುಂಬಿ, ಇನ್ನೊಂದು ಸಲ ಯಾರೋ ಕೇಳಿ ಬರೆದುಕೊಂಡರೆ ಹೋಲಿಸುವುದು ಕಷ್ಟ.

ಜೊತೆಗೆ ಬಂದವರನ್ನು ಹೊರಗೆ ಕೂರಿಸಿ. ಗಂಡನೋ ಅತ್ತೆಯೋ ಪಕ್ಕದಲ್ಲೇ ಇದ್ದರೆ ‘ಮನೆಯವರಿಗೆ ಹೊರೆ’ ಎಂಬ ಪ್ರಶ್ನೆಗೆ ನಿಜ ಹೇಳುವುದಾದರೂ ಹೇಗೆ? ದಾಂಪತ್ಯದ ಪ್ರಶ್ನೆ ಬಿಡಲು ಅವರಿಗೆ ಹಕ್ಕಿದೆ, ಒತ್ತಾಯ ಬೇಡ. ಹಾಳೆ ಮಗುಚುವಾಗ ಬಿಟ್ಟುಹೋಯಿತೋ, ಬೇಕೆಂದೇ ಬಿಟ್ಟರೋ ಎಂದಷ್ಟೇ ಕೇಳಿ ಗುರುತು ಮಾಡಿಕೊಳ್ಳಿ.

ಫಾರಂ ತುಂಬಿಸುವುದು ಡಾಕ್ಟರನ್ನು ನೋಡುವ ಮೊದಲು, ರಿಪೋರ್ಟ್ ಕೈಗೆ ಕೊಡುವ ಮೊದಲು. ‘ಕಿಡ್ನಿ ಚೆನ್ನಾಗಿದೆಯಂತೆ’ ಎಂದು ಕೇಳಿದ ಮೇಲೆ ಟಿಕ್ ಬೇರೆ ಕಡೆ ಬೀಳುತ್ತದೆ.

ಕೀಲುವೈದ್ಯ:

ಸ್ಲೆಡೈ ಪ್ರಶ್ನೆಗೆ ಬರುತ್ತೇನೆ. ಎರಡನ್ನೂ ನಂಬಿ, ಅವು ಅಳೆಯುವುದೇ ಬೇರೆ ಬೇರೆ. ಸ್ಲೆಡೈ-2ಕೆಯಲ್ಲಿ (ಸ್ಲೆಡೈನ ಪರಿಷ್ಕೃತ ರೂಪ) ರಕ್ತದ ಸಿ3, ಸಿ4 ಎಂಬ ರೋಗನಿರೋಧಕ ಪ್ರೋಟೀನ್‌ಗಳು ಇಳಿದರೆ 2 ಅಂಕ, ಡಿಎಸ್‌ಡಿಎನ್‌ಎ ವಿರುದ್ಧದ ಪ್ರತಿಕಾಯ ಏರಿದರೆ 2, ಮೂತ್ರದಲ್ಲಿ ಪ್ರೋಟೀನ್ ಹೋದರೆ 4. ಸುಸ್ತಿಗೆ ಅದರಲ್ಲಿ ಜಾಗವೇ ಇಲ್ಲ. ಲೂಪಸ್ ಇರುವವರು ಹೆಚ್ಚಾಗಿ ಹೇಳಿಕೊಳ್ಳುವ ಕಷ್ಟವೇ ಅದು, ಅದಕ್ಕೇ ಈ ಫಾರಂಗಳು ಬೇಕು.

ಸ್ಲೆಡೈ 0, ಫ್ಯಾಸಿಟ್ 18 ಎಂದಿದ್ದರೆ ‘ಏನೂ ಇಲ್ಲ’ ಎಂದು ಕಳಿಸಬಾರದು, ಆ ಒಂದು ಅಂಕ ನೋಡಿ ಸ್ಟೀರಾಯ್ಡ್ ಏರಿಸಲೂಬಾರದು. ಹಿಮೋಗ್ಲೋಬಿನ್, ಥೈರಾಯ್ಡ್, ನಿದ್ದೆ, ಫೈಬ್ರೊಮಯಾಲ್ಜಿಯಾ (ಮೈಯೆಲ್ಲ ನೋವು, ಸುಸ್ತು ಇರುವ ಸಮಸ್ಯೆ), ಖಿನ್ನತೆ ಇವನ್ನೆಲ್ಲ ಹುಡುಕಬೇಕು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಬೇಗ ಇಳಿಸಿದ್ದರೆ ಅಡ್ರಿನಲ್ ಗ್ರಂಥಿ ಸೋತಿರಬಹುದು, ಅದನ್ನು ಮರೆಯಬೇಡಿ. ಯಾವ ಕಾರಣವೂ ಸಿಗದಿದ್ದಾಗ, ಹಂತಹಂತವಾಗಿ ಹೆಚ್ಚಿಸುವ ವ್ಯಾಯಾಮದಿಂದ ಲೂಪಸ್‌ನ ಸುಸ್ತು ಇಳಿಯಬಹುದು.

ಇದಕ್ಕೆ ವಿರುದ್ಧವಾದದ್ದು ಇನ್ನೂ ಅಪಾಯಕಾರಿ. ಲೂಪಸ್ ನೆಫ್ರೈಟಿಸ್ (ಲೂಪಸ್‌ನಿಂದ ಕಿಡ್ನಿಗೆ ಬರುವ ಉರಿಯೂತ) ಆರಂಭದಲ್ಲಿ ನೋಯುವುದಿಲ್ಲ. ಎಲ್ಲ ವಿಭಾಗದಲ್ಲೂ 90 ಬಂದವರ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿರಬಹುದು. ಸ್ಕೋರ್ ಚೆನ್ನಾಗಿದೆಯೆಂದು ಮೂತ್ರಪರೀಕ್ಷೆಯನ್ನು ಮುಂದೂಡಬೇಡಿ.

ಮನಸ್ಥಿತಿಯ ವಿಭಾಗ ಕುಸಿದಿದ್ದರೆ ಅಂದೇ ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿ ಕೊಡಿ. ಅದರ ಒಂಬತ್ತನೆಯ ಪ್ರಶ್ನೆ ಸಾವಿನ, ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅಲ್ಲಿ 0 ಬಿಟ್ಟು ಬೇರೇನೇ ಇದ್ದರೂ ಆ ಫಾರಂ ಫೈಲಿಗೆ ಸೇರುವಂತಿಲ್ಲ. ರೋಗಿ ಹೊರಡುವ ಮೊದಲೇ ಡಾಕ್ಟರ ಕೈಗೆ ಹೋಗಬೇಕು.