ಪದಚರ್ಚೆ: ‘ಶೇ 75ರ ಅವಲಂಬನೆ’ ಅಂದರೆ ಓದುಗರಿಗೆ ಏನು ತಿಳಿಯುತ್ತದೆ?

ಗೆಳೆಯರೇ,

ಪುಣೆಯ ನಮ್ಮ ಕನ್ನಡ ಬಳಗದ ಪತ್ರಿಕೆಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಸಹ್ಯಾದ್ರಿಯ ಮೇಲಿನ ಜಲಾಶಯವೊಂದನ್ನು ದೊಡ್ಡದು ಮಾಡಬೇಕಾ, ಬೇಡವಾ ಅಂತ ಎಂಜಿನಿಯರುಗಳು ಹೇಗೆ ಲೆಕ್ಕ ಹಾಕುತ್ತಾರೆ ಎಂಬುದು ವಿಷಯ. ಎದುರಿಗಿರುವುದು ಮರಾಠಿ ಮತ್ತು ಇಂಗ್ಲಿಷ್ ಬರಹಗಳು. ಮುಕ್ಕಾಲು ಪಾಲು ಪದಗಳಿಗೆ ಕಷ್ಟವೇ ಇಲ್ಲ. ಒಳಹರಿವು, ಹಿನ್ನೀರು, ಮುಳುಗಡೆ, ಹೂಳು, ಕೋಡಿ, ತೂಬು ಎಲ್ಲ ನಮ್ಮ ಬಾಯಲ್ಲೇ ಇವೆ. ಮರಾಠಿಯಿಂದ ತರುವಾಗ ಮಾತ್ರ ಸ್ವಲ್ಪ ಹುಷಾರಾಗಿರಬೇಕು. ಇಲ್ಲಿ ಹೂಳಿಗೆ ‘ಗಾಳ’ ಅನ್ನುತ್ತಾರೆ. ಖಡಕ್‌ವಾಸ್ಲಾ ಜಲಾಶಯದ ಗಾಳ ತೆಗೆಯಬೇಕು ಅಂತ ಬರೆದರೆ ನಮ್ಮವರು ಮೀನು ಹಿಡಿಯುವವರ ಸುದ್ದಿ ಅಂದುಕೊಂಡಾರು. ಗೇಟು ತೆರೆದು ನೀರು ಬಿಡುವುದು ‘ವಿಸರ್ಗ’. ಮಳೆಗಾಲದಲ್ಲಿ ಇಲ್ಲಿನ ಪೇಪರಿನ ತುಂಬ ವಿಸರ್ಗವೇ!

ನಾನು ಸಿಕ್ಕಿಬಿದ್ದಿರುವುದು ‘ಡಿಪೆಂಡಬಿಲಿಟಿ’ಯಲ್ಲಿ. ಕೃಷ್ಣಾ ನ್ಯಾಯಮಂಡಳಿಯ ಸುದ್ದಿ ಬಂದಾಗಲೆಲ್ಲ ಕನ್ನಡ ಪತ್ರಿಕೆಗಳಲ್ಲಿ ‘ಶೇ 75ರ ಅವಲಂಬನೆ’, ‘ಶೇ 65ರ ಅವಲಂಬನೆ’ ಅಂತ ಓದಿದ್ದೇವೆ. ಬಳಗದ ಕೆಲವರನ್ನು ಕೇಳಿ ನೋಡಿದೆ. ಒಬ್ಬರು ‘ನೂರಕ್ಕೆ 75 ಮಂದಿ ರೈತರು ಆ ನೀರನ್ನು ನಂಬಿದ್ದಾರೆ’ ಅಂದರು. ಇನ್ನೊಬ್ಬರು ‘ನದಿಯ ನೀರಲ್ಲಿ ಮುಕ್ಕಾಲು ಪಾಲು ಬಳಸಬಹುದು’ ಅಂದರು. ಎರಡೂ ಅಲ್ಲ. ಹರಿವಿನ ಹಳೆಯ ದಾಖಲೆ ತೆಗೆದು ನೋಡಿದರೆ, ನೂರು ವರ್ಷಗಳಲ್ಲಿ 75 ವರ್ಷ ಕನಿಷ್ಠ ಇಷ್ಟು ನೀರಾದರೂ ಬಂದಿದೆ ಅಂತ ಅರ್ಥ. ಅವಲಂಬಿಸುವವರು ನಾವು. ಅಳತೆ ಮಾತ್ರ ನೀರಿನದು. ಪದ ಇದನ್ನು ತಲೆಕೆಳಗು ಮಾಡಿಬಿಟ್ಟಿದೆ.

ಅಂಕಿ ನೋಡಿದರೆ ಇದು ಬೇಗ ಹೊಳೆಯುತ್ತದೆ. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಕೃಷ್ಣೆಯ ನೀರನ್ನು ಶೇ 75ರ ಲೆಕ್ಕದಲ್ಲಿ 2173 ಟಿಎಂಸಿ, ಶೇ 65ರಲ್ಲಿ 2293, ಸರಾಸರಿಯಲ್ಲಿ 2578 ಅಂತ ಹೇಳಿತು. ನದಿ ಅದೇ, ಮಳೆಯೂ ಅದೇ. ನಂಬಿಕೆ ಸಡಿಲಿಸಿದಷ್ಟೂ ನೀರು ಜಾಸ್ತಿ! ಅವಲಂಬನೆ ಅಂತ ಓದಿದವರಿಗೆ ಇದು ಒಗಟಿನಂತೆಯೇ ಕಾಣುತ್ತದೆ, ಅಲ್ವಾ?

ಜಲಾಶಯ ಹಿಗ್ಗಿಸುವ ಪ್ರಶ್ನೆ ನಿಲ್ಲುವುದೂ ಇದರ ಮೇಲೆಯೇ. ಬೆಟ್ಟದ ಕಣಿವೆ ಬೋಗುಣಿಯಂತೆ, ಮೇಲೆ ಹೋದಷ್ಟೂ ಬಾಯಿ ಅಗಲ. ಹಾಗಾಗಿ ಮೇಲಿನ ಒಂದೊಂದು ಅಡಿಯಲ್ಲೂ ಬಹಳ ನೀರು ಹಿಡಿಯುತ್ತದೆ, ಬಹಳ ನೆಲವೂ ಮುಳುಗುತ್ತದೆ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಲ್ಲಿ ಗೇಟುಗಳ ಮೇಲೆ ಐದಡಿಯ ಫ್ಲ್ಯಾಪ್ ಎಂಬ ಹೆಚ್ಚುವರಿ ಹಲಗೆ ಕೂರಿಸಿದ್ದಕ್ಕೆ ಸಾಮರ್ಥ್ಯ 98.78 ಟಿಎಂಸಿಯಿಂದ 105.25ಕ್ಕೆ ಏರಿತು. ಪುಣೆಗೆ ನೀರು ಕೊಡುವ ಖಡಕ್‌ವಾಸ್ಲಾ ಜಲಾಶಯದ ಸಾಮರ್ಥ್ಯ 1.97 ಟಿಎಂಸಿ, ಟೆಮ್‌ಘರ್ ಜಲಾಶಯದ್ದು 3.71. ಎರಡನ್ನೂ ಕೂಡಿಸಿದರೂ ಆ ಐದಡಿಗೆ ಸಾಟಿಯಿಲ್ಲ. ಹಾಗಂತ ಎಲ್ಲ ಕಡೆಯೂ ಐದಡಿ ಏರಿಸಿದರೆ ಆಯಿತೇ? ಆ ಮೇಲಿನ ಜಾಗ ಎಷ್ಟು ವರ್ಷಕ್ಕೆ ಎಷ್ಟು ಸಲ ತುಂಬುತ್ತದೆ ಅಂತ ಕೇಳಬೇಕು. ಹತ್ತಕ್ಕೆ ಎರಡು ವರ್ಷ ಮಾತ್ರ ತುಂಬುವುದಾದರೆ ಉಳಿದ ಎಂಟು ವರ್ಷ ಅದು ಸುಮ್ನೆ ನಿಂತ ಕಾಂಕ್ರೀಟು. ಸಾಮಾನ್ಯವಾಗಿ ನೀರಾವರಿಗೆ ಶೇ 75, ವಿದ್ಯುತ್ತಿಗೆ ಶೇ 90 ನೋಡುತ್ತಾರೆ. ಕುಡಿಯುವ ನೀರಿಗೆ ಅದಕ್ಕಿಂತಲೂ ಬಿಗಿ. ಒಳ್ಳೆ ಮಳೆಯ ವರ್ಷದ ನೀರನ್ನು ಮುಂದಿನ ವರ್ಷಕ್ಕೆ ಕೂಡಿಡುವುದೇ ಉದ್ದೇಶವಾದರೆ ಲೆಕ್ಕ ಬೇರೆಯಾಗುತ್ತದೆ, ಅದು ಇರಲಿ.

ಪದಕ್ಕೆ ಬರುತ್ತೇನೆ. ಮರಾಠಿಯವರು ‘ವಿಶ್ವಾಸಾರ್ಹತಾ’ ಅನ್ನುತ್ತಾರೆ. ಅರ್ಥ ಸರಿಯಾಗಿದೆ, ಆದರೆ ಕನ್ನಡದಲ್ಲಿ ಅದು ಮನುಷ್ಯರಿಗೆ ಅಂಟಿಕೊಂಡ ಮಾತು, ನಾಲಿಗೆಗೂ ಭಾರ. ‘ಭರವಸೆಯ ನೀರು’ ಚೆನ್ನಾಗಿತ್ತು, ಚುನಾವಣೆಯವರು ಅದನ್ನು ಕೆಡಿಸಿಟ್ಟಿದ್ದಾರೆ. ‘ನೆಚ್ಚಿಕೆ’ ನನಗೆ ತುಂಬ ಇಷ್ಟ, ಆದರೆ ಮಳೆ ನೆಚ್ಚಿಕೊಂಡವರು ನಾವೇ ಆದ್ದರಿಂದ ಅವಲಂಬನೆಯ ತೊಡಕೇ ಮತ್ತೆ ಎದುರಾಗುತ್ತದೆ. ನನ್ನ ಒಲವು ‘ಖಾತ್ರಿ’ ಕಡೆಗೆ. ‘ಶೇ 75ರ ಖಾತ್ರಿ ನೀರು’. ಉದ್ಯೋಗ ಖಾತ್ರಿಯಿಂದಾಗಿ ಎಲ್ಲರಿಗೂ ಗೊತ್ತಿರುವ ಪದ. ಖಾತ್ರಿ ಅಂದಮೇಲೆ ನೂರಕ್ಕೆ ನೂರು, ಶೇ 75ರ ಖಾತ್ರಿ ಎಂಥದ್ದು ಅಂತ ಒಬ್ಬರು ಆಗಲೇ ಕಾಲೆಳೆದರು. ಆ ಮಾತಲ್ಲಿ ಹುರುಳಿದೆ. ಆದರೂ ತಪ್ಪು ದಿಕ್ಕಿಗೆ ಕರೆದೊಯ್ಯುವ ಪದಕ್ಕಿಂತ ಸ್ವಲ್ಪ ಜಾಸ್ತಿ ಹೇಳುವ ಪದವೇ ವಾಸಿ ಅನಿಸುತ್ತದೆ.

ಕೆರೆಯ ಊರುಗಳಲ್ಲಿ ಇದಕ್ಕೆ ಪದವೇ ಬೇಕಾಗಿರಲಿಲ್ಲ. ‘ನಾಲ್ಕು ವರ್ಷಕ್ಕೆ ಮೂರು ಸಲ ಕೋಡಿ ಬೀಳುವ ಕೆರೆ’ ಅಂದರೆ ಸಾಕು, ಏರಿ ಎತ್ತರಿಸಬಹುದೋ ಇಲ್ಲವೋ ಅದರಲ್ಲೇ ಗೊತ್ತಾಗುತ್ತಿತ್ತು.

ಇನ್ನೊಂದು ಚಿಕ್ಕ ಸಂದೇಹ. ‘ಅಣೆಕಟ್ಟು ಎತ್ತರಿಸುವುದು’ ಅನ್ನುವುದನ್ನು ನಾನು ಬಿಡುತ್ತಿದ್ದೇನೆ. ಕೊಯ್ನಾದಲ್ಲಿ ಎತ್ತರಿಸಿದ್ದು ಗೋಡೆಯನ್ನಲ್ಲ. ಹೂಳೆತ್ತಿದರೂ ಜಾಗ ಹೆಚ್ಚುತ್ತದೆ. ಜೊತೆಗೆ ಮಹಾರಾಷ್ಟ್ರದಲ್ಲಿ ಕುಳಿತು ಕನ್ನಡಿಗರು ‘ಎತ್ತರ’ ಅಂದ ಕೂಡಲೇ ಮಾತು ಎರಡು ರಾಜ್ಯಗಳ ಜಗಳದ ಆಲಮಟ್ಟಿ ಅಣೆಕಟ್ಟಿನ 524.256 ಮೀಟರಿಗೆ ಹಾರುತ್ತದೆ, ಚಹಾ ಆರಿಹೋಗುತ್ತದೆ. ಇನ್ನು 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಹಿಂದೆಯೇ ಖಡಕ್‌ವಾಸ್ಲಾವೂ ಒಡೆದದ್ದು ಇಲ್ಲಿನ ಹಳಬರಿಗೆ ನೆನಪಿದೆ. ಎತ್ತರ ಅಂದರೆ ಅವರಿಗೆ ಮೊದಲು ಬರುವುದು ಭಯ. ಅದಕ್ಕೇ ‘ಜಲಾಶಯ ಹಿಗ್ಗಿಸುವುದು’ ಅಂತ ಬರೆದಿದ್ದೇನೆ. ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಇಲ್ಲಿದ್ದರೆ ಹೇಳಿ: ಕಡತದಲ್ಲಿ ಅಲ್ಲ, ಸೈಟಿನಲ್ಲಿ ಮಾತಾಡುವಾಗ ಡಿಪೆಂಡಬಿಲಿಟಿಗೂ ಜಲಾಶಯ ಹಿಗ್ಗಿಸುವುದಕ್ಕೂ ಏನನ್ನುತ್ತಿದ್ದಿರಿ?