ಬೆಳಗಿನ ಜಾವದ ಫ್ಲೈಟ್, ರಾತ್ರಿ ಹತ್ತೂವರೆಗೇ ಏರ್‌ಪೋರ್ಟ್: ಏಳು ಗಂಟೆ ಕಾಯೋದು ಹೇಗೆ?

ಕುವೆಂಪುನಗರದವ:
ಅಪ್ಪ ಅಮ್ಮ (ಇಬ್ಬರೂ 70 ದಾಟಿದವರು) ಮೈಸೂರಿಂದ ಫ್ಲೈಬಸ್ಸಲ್ಲಿ ಬೆಂಗಳೂರು ಏರ್‌ಪೋರ್ಟಿಗೆ ಹೋಗಿ ದೆಹಲಿ ಫ್ಲೈಟ್ ಹಿಡಿಯಬೇಕು. ಫ್ಲೈಟ್ ಬೆಳಗಿನ ಜಾವ 5.50ಕ್ಕೆ. ಸಂಜೆ ಆರಕ್ಕೆ ಬಸ್ ಹತ್ತಿಸಿದರೆ ಹತ್ತೂವರೆ ಹೊತ್ತಿಗೆ ಅಲ್ಲಿರ್ತಾರೆ. ಅಷ್ಟು ಬೇಗ ಲಗೇಜ್ ತಗೋತಾರಾ? ಮೊದಲ ವಿಮಾನ ಪ್ರಯಾಣ ಬೇರೆ.

ಸಕ್ಕರೆನಾಡು:
ಲೆಕ್ಕ ಹಿಂದಿನಿಂದ ಹಾಕಿ ಸರ್. ಡೊಮೆಸ್ಟಿಕ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮುಂಚೆ, ಅಂದ್ರೆ 4.50ಕ್ಕೆ ಮುಚ್ಚುತ್ತೆ. ಬೋರ್ಡಿಂಗ್ ಗೇಟ್ 25 ನಿಮಿಷ ಮುಂಚೆ, 5.25ಕ್ಕೆ. ಮೂರು ಗಂಟೆಗೆ ಟರ್ಮಿನಲ್ ಬಾಗಿಲಲ್ಲಿದ್ರೆ ಸಾಕು. ಎಕ್ಸ್‌ಪ್ರೆಸ್‌ವೇ ಆದಮೇಲೆ ಬೆಂಗಳೂರಿನ ಅಂಚಿಗೆ ಒಂದೂವರೆ ಗಂಟೆ ದಾರಿ. ಮಿಕ್ಕಿದ್ದೆಲ್ಲ ಕೆಂಗೇರಿಯಿಂದ ದೇವನಹಳ್ಳಿ ತನಕದ ಪಾಡು. ಸಂಜೆ ಹೊತ್ತು ಆ ಭಾಗ ಎಷ್ಟು ಹೊತ್ತು ನುಂಗುತ್ತೋ ಹೇಳಕ್ಕಾಗಲ್ಲ, ಮಧ್ಯರಾತ್ರಿ ಹೆಬ್ಬಾಳ ಬಿಡುವಾಗಿರುತ್ತೆ. ರಾತ್ರಿ ಒಂಬತ್ತೂವರೆ, ಹತ್ತರ ಸುಮಾರಿಗೆ ಹೊರಡೋ ಬಸ್ಸಲ್ಲಿ ಸೀಟ್ ಸಿಕ್ಕಿದ್ರೆ ಎರಡು, ಎರಡೂವರೆಗೆ ಇಳೀತಾರೆ. ಅದಕ್ಕಿಂತ ತಡದ್ದು ಬೇಡ, ಒಂದು ಪಂಕ್ಚರ್ ಆದ್ರೂ ಫ್ಲೈಟ್ ಹೋಯ್ತು.

ಹೆಬ್ಬಾಳ_ದಾಟಿದವ:
ಹತ್ತೂವರೆಗೇ ಇಳಿದ್ರೂ ತೊಂದರೆ ಇಲ್ಲ, ಆದ್ರೆ ಲಗೇಜ್ ಬೆನ್ನು ಬಿಡಲ್ಲ. ಏರ್‌ಲೈನ್ ತನ್ನ ಹೊತ್ತಿಗೆ ಮುಂಚೆ ಬ್ಯಾಗ್ ತಗೊಳ್ಳಲ್ಲ, ಅಲ್ಲೀವರೆಗೆ ಸೆಕ್ಯುರಿಟಿ ದಾಟೋಕೂ ಆಗಲ್ಲ. ಟಾಯ್ಲೆಟ್‌ಗೆ ಒಬ್ಬೊಬ್ಬರಾಗಿ ಹೋಗಿ, ಇನ್ನೊಬ್ಬರು ಟ್ರಾಲಿ ಹತ್ತಿರ ಇರಲಿ. ಬಿಟ್ಟುಹೋದ ಬ್ಯಾಗ್ ಕಂಡ್ರೆ ಸಿಐಎಸ್‌ಎಫ್‌ನವರು ಸುಮ್ಮನಿರಲ್ಲ. ಕೈಚೀಲದಲ್ಲಿ ಶಾಲು, ಮಾತ್ರೆ, ಚಾರ್ಜರ್ ಇರಲಿ. ಏಸಿ ಚಳಿ ಬೆಳಗಿನ ಜಾವ ಗೊತ್ತಾಗುತ್ತೆ.

ಟಿಕೆಟ್‌ನಲ್ಲಿ T1 ಅಥವಾ T2 ಅಂತ ನೋಡಿ ಇಳಿಸಿ, ತಪ್ಪಿದ್ರೆ ಶಟಲ್ ಬಸ್ ಇದೆ. ವೀಲ್‌ಚೇರ್ ಬೇಕಿದ್ರೆ ಏರ್‌ಲೈನ್‌ಗೆ 48 ಗಂಟೆ ಮುಂಚೆ ಹೇಳಿ. ಇಬ್ಬರ ಆಧಾರ್ ಮೂಲ ಕಾರ್ಡೇ ಇರಲಿ, ವಾಟ್ಸಾಪ್ ಫೋಟೋ ನಂಬಬೇಡಿ. ಹೆಸರು ಟಿಕೆಟ್‌ಗೆ ಹೊಂದಬೇಕು.

ಕುವೆಂಪುನಗರದವ:
ಹತ್ತರ ಬಸ್ಸೇ ಸರಿ. ಅಮ್ಮ ಮೈಸೂರು ಪಾಕ್, ಕೊಬ್ಬರಿ, ಮಾವಿನಕಾಯಿ ಉಪ್ಪಿನಕಾಯಿ ಎಲ್ಲ ತುಂಬಿಸಿದ್ದಾರೆ. ನಡೆಯುತ್ತಾ?

ಸಕ್ಕರೆನಾಡು:
ಮೈಸೂರು ಪಾಕ್ ಎಲ್ಲಿಟ್ಟರೂ ಸರಿ. ಉಪ್ಪಿನಕಾಯಿ ಎಣ್ಣೆ ಬಿಡುತ್ತೆ, ಕೈಚೀಲದಲ್ಲಿದ್ರೆ ಸ್ಕ್ಯಾನರ್ ಹತ್ತಿರ ತೆಗೆಸಬಹುದು. ಬಾಟಲಿ ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಕವರ್ ಹಾಕಿ ಚೆಕ್-ಇನ್‌ಗೆ ಕೊಡಿ. ಕೊಬ್ಬರಿ ಮಾತ್ರ ಮನೇಲೇ ಇಡಿ. ಎಣ್ಣೆ ಅಂಶದಿಂದ ಬಿಸಿಯಾಗಿ ಹೊತ್ತಿಕೊಳ್ಳೋ ಅಪಾಯ ಅಂತ ಚೆಕ್-ಇನ್‌ಗೆ ಬಿಡಲ್ಲ. ಪವರ್ ಬ್ಯಾಂಕ್ ಉಲ್ಟಾ: ಕೈಚೀಲದಲ್ಲೇ, ಚೆಕ್-ಇನ್‌ನಲ್ಲಿ ಖಂಡಿತ ಬೇಡ. 20,000 ಎಂಎಎಚ್ ಅಂದ್ರೆ ಸುಮಾರು 74 ವಾಟ್-ಅವರ್, ಮಿತಿ 100.

ಹೆಬ್ಬಾಳ_ದಾಟಿದವ:
ಸೆಕ್ಯುರಿಟಿ ದಾಟಿದ ಮೇಲೆ ಮಲಗಿಬಿಟ್ಟವರಿಗೇ ಫ್ಲೈಟ್ ತಪ್ಪೋದು ಹೆಚ್ಚು. ಹಲವು ಕಡೆ ಈಗ ಕೂಗಿ ಕರೆಯಲ್ಲ, ಗೇಟ್ ನಂಬರೂ ಬದಲಾಗುತ್ತೆ. 4.45ಕ್ಕೆ ಅಲಾರಾಂ ಇಡಲಿ, ಪರದೆ ಕಾಣೋ ಕಡೆ ಕೂರಲಿ.