ಅಂಕದಲ್ಲಿನ ‘ದೋಷ’ಕ್ಕೂ ತರಗತಿಯ ದಿನಚರಿಗೂ ಸಂಬಂಧವಿದೆಯೇ?

ಪ್ರಶ್ನೆ:
ಎಂ.ಎಡ್. ಕಿರುಪ್ರಬಂಧಕ್ಕಾಗಿ, ನಾನೇ ಗಣಿತ ಕಲಿಸುವ ಎಂಟನೆಯ ತರಗತಿಯನ್ನು ಗಮನಿಸುತ್ತಿದ್ದೇನೆ. ಒಂದೇ ಮಟ್ಟದ, 25 ಅಂಕಗಳ ಎರಡು ಕಿರುಪರೀಕ್ಷೆಗಳನ್ನು ಹತ್ತು ದಿನಗಳ ಅಂತರದಲ್ಲಿ ಕೊಟ್ಟಾಗ, ಕೊನೆಯ ಬೆಂಚಿನ ಹುಡುಗಿಯೊಬ್ಬಳಿಗೆ ಮೊದಲು 14, ಆಮೇಲೆ 18 ಬಂದಿತು. ನಡುವೆ ಆ ಪಾಠವನ್ನು ಮತ್ತೆ ಮಾಡಿರಲಿಲ್ಲ. ಮೊದಲ ದಿನ ಕಪ್ಪುಹಲಗೆಯ ಮೇಲೆ ಬಿಸಿಲು ಬಿದ್ದು, ಅವಳು ಪ್ರಶ್ನೆಗಳನ್ನು ಪಕ್ಕದವಳ ಹಾಳೆ ನೋಡಿ ಬರೆದುಕೊಂಡದ್ದು ನನ್ನ ಟಿಪ್ಪಣಿಯಲ್ಲಿದೆ. ತರಗತಿಯ ಬದುಕನ್ನು ಕುರಿತ ಫಿಲಿಪ್ ಜಾಕ್ಸನ್ ಅವರ ಗ್ರಂಥವೂ ಮಾನಸಿಕ ಪರೀಕ್ಷೆಗಳನ್ನು ಕುರಿತ ಲಾರ್ಡ್ ಮತ್ತು ನೋವಿಕ್ ಅವರ ಗ್ರಂಥವೂ 1968ರಲ್ಲೇ ಬಂದವು. ಇವೆರಡನ್ನೂ ಒಂದೇ ಅಧ್ಯಯನದಲ್ಲಿ ಬಳಸಬಹುದೇ?

ಉತ್ತರ 1:
ಮೇಡಂ, ಮೊದಲು ಲೆಕ್ಕ ನೋಡೋಣ. ಮನೋವಿಜ್ಞಾನಿ ಸ್ಪಿಯರ್‌ಮನ್ 1904ರಲ್ಲಿ ಹಾಕಿಕೊಟ್ಟ ದಾರಿಯಲ್ಲಿ, ಪಡೆದ ಅಂಕವೆಂದರೆ ನೈಜ ಅಂಕ ಮತ್ತು ದೋಷ (ಆಕಸ್ಮಿಕ ಏರುಪೇರು) ಇವುಗಳ ಮೊತ್ತ. ಮಾನಕ ವಿಚಲನೆ (ತರಗತಿಯ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) 5, ವಿಶ್ವಸನೀಯತೆ (ಮತ್ತೆ ಪರೀಕ್ಷಿಸಿದರೂ ಅಂಕಗಳು ಎಷ್ಟು ಸ್ಥಿರ ಎಂಬುದರ ಅಳತೆ, ಗರಿಷ್ಠ 1) 0.84 ಎಂದಿಟ್ಟುಕೊಂಡರೆ, 1ರಿಂದ 0.84 ಕಳೆದು ಉಳಿದದ್ದರ ವರ್ಗಮೂಲವನ್ನು 5ರಿಂದ ಗುಣಿಸಿದಾಗ ಮಾಪನದ ಮಾನಕ ದೋಷ, ಅಂದರೆ ಒಬ್ಬರ ಅಂಕದಲ್ಲಿ ಸಾಮಾನ್ಯವಾಗಿ ಕಾಣುವ ಆಕಸ್ಮಿಕ ಏರುಪೇರು, 2 ಅಂಕವಾಗುತ್ತದೆ. ಎರಡು ಪರೀಕ್ಷೆಗಳ ವ್ಯತ್ಯಾಸದಲ್ಲಿ ಎರಡರ ದೋಷವೂ ಸೇರುವುದರಿಂದ ಅದಕ್ಕೆ ಅದು ಸುಮಾರು 2.8 (2ರ √2 ಪಟ್ಟು). ಹೀಗಾಗಿ 4 ಅಂಕದ ಏರಿಕೆ ಏನನ್ನೂ ಹೊಸದಾಗಿ ಕಲಿಯದಿದ್ದರೂ ಬರಬಹುದು. ಅದನ್ನು ಪ್ರಗತಿಯೆಂದು ಬರೆಯಬೇಡಿ. (0.84 ಬರಿಯ ಉದಾಹರಣೆ. ಇಡೀ ತರಗತಿಯ ಎರಡೂ ಅಂಕಪಟ್ಟಿಗಳ ಸಹಸಂಬಂಧ (ಅವು ಒಂದಕ್ಕೊಂದು ಎಷ್ಟು ಹೊಂದಿಕೊಂಡು ಏರಿಳಿಯುತ್ತವೆ ಎಂಬುದರ ಅಳತೆ) ತೆಗೆದರೆ ನಿಮ್ಮ ಪರೀಕ್ಷೆಯದ್ದೇ ಅಂದಾಜು ಸಿಗುತ್ತದೆ.)

ಉತ್ತರ 2:
ಲೆಕ್ಕದ ಬಗ್ಗೆ ನನ್ನ ತಕರಾರಿಲ್ಲ. ಆದರೆ ತರಗತಿಯಲ್ಲಿ ನಡೆದದ್ದೆಲ್ಲವನ್ನೂ ‘ದೋಷ’ದ ಖಾತೆಗೆ ಹಾಕುವಂತಿಲ್ಲ. ಲಾರ್ಡ್ ಮತ್ತು ನೋವಿಕ್ ಹೇಳುವ ನೈಜ ಅಂಕ ಮಗುವಿನ ಒಳಗೆ ಅಡಗಿರುವ ಸಾಮರ್ಥ್ಯವಲ್ಲ. ಅದೇ ಪರೀಕ್ಷೆಯನ್ನು, ಹಿಂದಿನದರ ನೆನಪೇ ಉಳಿಯದಂತೆ, ಮತ್ತೆ ಮತ್ತೆ ಕೊಡಲು ಸಾಧ್ಯವಾಗಿದ್ದರೆ ದೊರೆಯುತ್ತಿದ್ದ ಸರಾಸರಿ. ಬಿಸಿಲು ಒಂದು ದಿನ ಬಿದ್ದರೆ ದೋಷ. ವರ್ಷವಿಡೀ ಪಕ್ಕದ ಹಾಳೆಯನ್ನೇ ನೆಚ್ಚಬೇಕಾದರೆ ಆ ನಷ್ಟ ನೈಜ ಅಂಕದೊಳಗೇ ಸೇರಿಹೋಗುತ್ತದೆ, ಮತ್ತು ವಿಶ್ವಸನೀಯತೆ ಎಷ್ಟೇ ಹೆಚ್ಚಿದ್ದರೂ ಅದರ ಸುಳಿವು ಸಿಗುವುದಿಲ್ಲ. ಜಾಕ್ಸನ್ ಗಮನಿಸಿದ್ದು ಇಂಥ ನಿತ್ಯದ ಸಂಗತಿಗಳನ್ನೇ: ಕೈ ಎತ್ತಿ ಕಾಯುವುದು, ಸಾಲಿನಲ್ಲಿ ನಿಲ್ಲುವುದು, ಗುಂಪಿನ ನಡುವೆ ಒಂಟಿಯಾಗಿ ಕೆಲಸ ಮಾಡುವುದು. ‘ಗುಪ್ತ ಪಠ್ಯಕ್ರಮ’ (ಪಾಠದ ಹೊರತಾಗಿ ಶಾಲೆಯ ದಿನಚರಿಯೇ ಕಲಿಸುವ ನಡವಳಿಕೆ) ಎಂಬ ಮಾತಿಗೆ ಅವರು ಹೆಸರಾದದ್ದೂ ಇದರಿಂದಲೇ. ಆದ್ದರಿಂದ ನಿಮ್ಮ ಟಿಪ್ಪಣಿ ಅಂಕಗಳಿಗೆ ಹಚ್ಚಿದ ಅಲಂಕಾರವಲ್ಲ. ಆದರೆ ಅದೂ ಒಂದು ಮಾಪನವೇ ಆದುದರಿಂದ, ಕೆಲವು ಪೀರಿಯಡ್‌ಗಳನ್ನು ಇನ್ನೊಬ್ಬರೂ ಗಮನಿಸಲಿ. ಇಬ್ಬರ ದಾಖಲೆ ಎಷ್ಟು ಹೊಂದುತ್ತದೆಂಬುದನ್ನು, ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ನೋಡುವ ಕೊಹೆನ್‌ರ ಕಪ್ಪಾ ಸೂತ್ರ 1960ರಿಂದಲೂ ಇದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಟಿಪ್ಪಣಿಯನ್ನು ಮತ್ತೆ ತೆಗೆದು ನೋಡಿದೆ. ಎರಡನೆಯ ಪರೀಕ್ಷೆಯ ದಿನ ಮುಂದಿನವರಿಬ್ಬರು ಗೈರಾಗಿದ್ದರಿಂದ ಅವಳು ಎರಡನೆಯ ಬೆಂಚಿನಲ್ಲಿ ಕುಳಿತಿದ್ದಳು. ಮುಂದಿನ ಕಿರುಪರೀಕ್ಷೆಗೆ ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆಯದೆ ಜೆರಾಕ್ಸ್ ಮಾಡಿಸಿ ಹಂಚುತ್ತೇನೆ. ಬೆಂಚುಗಳನ್ನು ಮಾತ್ರ ಸದ್ಯಕ್ಕೆ ಬದಲಿಸುವುದಿಲ್ಲ, ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು.